ಎಡ ಮುಂಚಕ್ರದ ‘ಟಕ್ ಟಕ್’: ಒಂದು ಸಸ್ಪೆನ್ಷನ್ ಸದ್ದಿನ ಪ್ರಕರಣ

2023ರ ಅಕ್ಟೋಬರ್ ಮೊದಲ ವಾರ. ಹಾಸನದಲ್ಲಿರುವ ನನ್ನ ಗ್ಯಾರೇಜಿಗೆ ಒಬ್ಬ ಟೀಚರ್ ಬಂದರು. ಅವರ ಕಾರು ನನಗೆ ಹೊಸದಲ್ಲ. ಎರಡು ತಿಂಗಳ ಹಿಂದೆ, ಆಗಸ್ಟ್‌ನಲ್ಲಿ, ಅದೇ ಕಾರಿನ ಅದೇ ಸದ್ದಿಗೆ ನಾನೇ ಕೆಲಸ ಮಾಡಿ ಕಳಿಸಿದ್ದೆ. ಟೀಚರ್ ಜಗಳ ಮಾಡಲಿಲ್ಲ. ಕೀ ಮೇಜಿನ ಮೇಲಿಟ್ಟು, ‘ಅಣ್ಣ, ಸದ್ದು ಹೋಗ್ಲಿಲ್ಲ. ಆಮೇಲೆ ಬೇರೆ ಕಡೆ ತೋರಿಸಿ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಆದ್ರೂ ಹಾಗೇ ಇದೆ’ ಎಂದರು.

ನನ್ನ ಬಿಲ್ 1,900 ರೂಪಾಯಿ. ಆ ಇನ್ನೊಂದು ಗ್ಯಾರೇಜಿನದು 11,400. ಒಟ್ಟು 13,300 ರೂಪಾಯಿ ಕೈಬಿಟ್ಟಿತ್ತು. ಸದ್ದು ಮಾತ್ರ ಮೊದಲ ದಿನ ಇದ್ದಂತೆಯೇ ಇತ್ತು. ನನಗೆ ನಿಜಕ್ಕೂ ಬೇಜಾರಾಯಿತು. ದುಡ್ಡು ಕೊಟ್ಟವರು ಸುಮ್ಮನೆ ನಿಂತಾಗ ಆಗುವ ಬೇಜಾರು ಬೈಸಿಕೊಂಡಾಗ ಆಗುವುದಕ್ಕಿಂತ ಜಾಸ್ತಿ.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಲು ಕಾರಣವಿದೆ. ಇದರಲ್ಲಿ ಒಂದು ಸುಳಿವು ಮೊದಲ ದಿನದಿಂದಲೇ ನಮ್ಮ ಕಣ್ಣೆದುರು ಇತ್ತು. ಟೀಚರ್ ಅದನ್ನು ಸರಿಯಾಗಿಯೇ ಹೇಳಿದ್ದರು. ಅದರ ಅರ್ಥವನ್ನು ನಾನು ತಪ್ಪಾಗಿ ಮಾಡಿಕೊಂಡೆ.

ಗಾಡಿ ಮತ್ತು ದೂರು

ಕಾರು 2015ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿದ್ದು 78,000 ಕಿಲೋಮೀಟರ್. ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಹ್ಯಾಂಡ್‌ಬ್ರೇಕ್ ಕೇಬಲ್ ಹಿಂದಿನ ಡ್ರಮ್‌ಗೆ ಮಾತ್ರ ಹೋಗುತ್ತದೆ. ಈ ಕೊನೆಯ ವಿಷಯ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಟೀಚರ್ ಶಾಲೆ ಇರುವುದು ಆಲೂರು ದಾಟಿ ಒಳಗಿನ ಹಳ್ಳಿಯಲ್ಲಿ. ಸಕಲೇಶಪುರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹೋಗಿ, ಅಲ್ಲಿಂದ ಐದಾರು ಕಿಲೋಮೀಟರ್ ಕಿತ್ತುಹೋದ ಊರ ರಸ್ತೆ. ಸದ್ದು ಬರುತ್ತಿದ್ದುದು ಆ ಊರ ರಸ್ತೆಯಲ್ಲಿ.

ಅವರು ಹೇಳಿದ ಲಕ್ಷಣಗಳು ಇಷ್ಟು. ಗಂಟೆಗೆ 10ರಿಂದ 25 ಕಿಲೋಮೀಟರ್ ವೇಗದಲ್ಲಿ, ಜಲ್ಲಿ ಎದ್ದ ಜಾಗದಲ್ಲಿ, ಎಡಗಡೆ ಮುಂದಿನಿಂದ ‘ಟಕ್ ಟಕ್’ ಅನ್ನುವ ಒಣ ಸದ್ದು. ಕಬ್ಬಿಣಕ್ಕೆ ಕಬ್ಬಿಣ ತಾಗಿದಂತೆ. ಹೆದ್ದಾರಿಯಲ್ಲಿ ಇಲ್ಲ. ಸ್ಟೇರಿಂಗ್ ತಿರುಗಿಸಿದರೆ ಇಲ್ಲ. ಗಾಡಿ ಒಂದು ಕಡೆಗೆ ಎಳೆಯುವುದಿಲ್ಲ, ಟೈರ್ ಒಂದೇ ಸಮ ಸವೆದಿದೆ. ಕೊನೆಗೆ ಒಂದು ಮಾತು: ‘ಹಂಪ್ ಮೇಲೆ ಹೋದ್ರೆ ಬರಲ್ಲ ಅಣ್ಣ. ಸಣ್ಣ ಗುಂಡಿಗೆ ಬರುತ್ತೆ.’

ಆಗಸ್ಟ್‌ನಲ್ಲಿ ನಾನು ಮಾಡಿದ್ದು

ಹಂಪ್ ಮೇಲೆ ಸದ್ದು ಇಲ್ಲ, ಗುಂಡಿಯಲ್ಲಿ ಇದೆ. ಇದನ್ನು ಕೇಳಿದ ತಕ್ಷಣ ನನ್ನ ತಲೆ ಓಡಿದ್ದು ಸ್ಟೆಬಿಲೈಸರ್ ಬಾರ್ ಕಡೆಗೆ. ಆ ಯೋಚನೆ ಅಡ್ಡಾದಿಡ್ಡಿಯಾಗಿ ಬಂದದ್ದಲ್ಲ, ಅದಕ್ಕೆ ಆಧಾರವಿದೆ.

ಸ್ಟೆಬಿಲೈಸರ್ ಬಾರ್ ಅಂದರೆ ಎರಡೂ ಮುಂಚಕ್ರಗಳನ್ನು ಜೋಡಿಸುವ ಒಂದು ಉಕ್ಕಿನ ಸರಳು. ಅದರ ಎರಡು ತುದಿಗೂ ಒಂದೊಂದು ಲಿಂಕ್ ರಾಡ್. ನಡುವೆ ಎರಡು ರಬ್ಬರ್ ಬುಷ್, ಅವು ಸರಳನ್ನು ಗಾಡಿಯ ಕೆಳಗಿನ ಫ್ರೇಮಿಗೆ ಹಿಡಿದಿರುತ್ತವೆ. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ಸರಳು ಸುಮ್ಮನೆ ಬುಷ್‌ನೊಳಗೆ ತಿರುಗುತ್ತದೆ, ಅದರ ಮೇಲೆ ಭಾರ ಬೀಳುವುದಿಲ್ಲ. ಒಂದು ಚಕ್ರ ಮಾತ್ರ ಗುಂಡಿಗೆ ಇಳಿದರೆ ಸರಳು ತಿರುಚಿಕೊಳ್ಳುತ್ತದೆ. ಆಗ ಲಿಂಕ್ ರಾಡ್‌ನ ಸಣ್ಣ ಜಾಯಿಂಟ್‌ಗಳ ಮೇಲೆ ಎಳೆತ ಬೀಳುತ್ತದೆ. ಜಾಯಿಂಟ್ ಸವೆದಿದ್ದರೆ ‘ಟಕ್’ ಅನ್ನುತ್ತದೆ. ಹಂಪ್‌ನಲ್ಲಿ ಎರಡೂ ಚಕ್ರ ಒಟ್ಟಿಗೆ ಏಳುತ್ತವೆ, ಹಾಗಾಗಿ ಸದ್ದಿಲ್ಲ. ಗುಂಡಿಗೆ ಒಂದೇ ಚಕ್ರ, ಹಾಗಾಗಿ ಸದ್ದು. ಲೆಕ್ಕ ಸರಿಯಾಗಿ ಕೂತಿತು.

ಗಾಡಿ ಎತ್ತಿ ನೋಡಿದೆ. ಎಡ ಲಿಂಕ್ ರಾಡ್‌ನ ಮೇಲಿನ ಜಾಯಿಂಟ್‌ನಲ್ಲಿ ನಿಜವಾಗಿಯೂ ಪ್ಲೇ, ಅಂದರೆ ಸಡಿಲದ ಅಲ್ಲಾಟ, ಇತ್ತು. ಬೂಟ್ (ಜಾಯಿಂಟ್‌ನ ರಬ್ಬರ್ ಹೊದಿಕೆ) ಹರಿದು ನೀರು ಹೋಗಿತ್ತು. ಎರಡೂ ಕಡೆ ಹೊಸದು ಹಾಕಿದೆ. ಪಟ್ಟಣದೊಳಗೆ ಒಂದು ಸುತ್ತು ಹೊಡೆದೆ. ಸದ್ದು ಕೇಳಲಿಲ್ಲ. ಕಳಿಸಿದೆ.

ಇಲ್ಲಿ ನನ್ನ ತಪ್ಪು ಎರಡು. ಒಂದು, ಕೆಟ್ಟ ಪಾರ್ಟ್ ಕೈಗೆ ಸಿಕ್ಕ ಕೂಡಲೇ ಹುಡುಕುವುದನ್ನು ನಿಲ್ಲಿಸಿದೆ. ಆ ಲಿಂಕ್ ರಾಡ್ ಬದಲಾಯಿಸಬೇಕಾದದ್ದೇ, ಅದರಲ್ಲಿ ಸುಳ್ಳಿಲ್ಲ. ಆದರೆ ಅವರು ದೂರು ಕೊಟ್ಟ ಸದ್ದು ಅದರದ್ದೇ ಎಂದು ನಾನು ಸಾಬೀತು ಮಾಡಿರಲಿಲ್ಲ. 78,000 ಕಿಲೋಮೀಟರ್ ಓಡಿದ ಗಾಡಿಯ ಕೆಳಗೆ ಹೋದರೆ ಒಂದಲ್ಲ ಒಂದು ಸವೆದ ವಸ್ತು ಸಿಕ್ಕೇ ಸಿಗುತ್ತದೆ. ಎರಡನೇದು, ನಾನು ಓಡಿಸಿ ನೋಡಿದ ರಸ್ತೆ ಅವರ ರಸ್ತೆ ಅಲ್ಲ. ಟ್ರಾಫಿಕ್ಕಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಸುತ್ತಿ ಬಂದಿದ್ದೆ.

ಮುಂದಿನ ವಾರವೇ ಅವರಿಗೆ ಸದ್ದು ಮತ್ತೆ ಕೇಳಿಸಿದೆ. ನನ್ನ ಹತ್ತಿರ ಬರಲು ಮನಸ್ಸಾಗದೆ ಬೇರೆ ಕಡೆ ಹೋಗಿದ್ದಾರೆ. ಅಲ್ಲಿ ಶಾಕ್ ಅಬ್ಸಾರ್ಬರ್, ಅದರ ಮೇಲಿನ ಮೌಂಟ್, ಬೇರಿಂಗ್ ಎಲ್ಲ ಹೊಸದು ಹಾಕಿದ್ದಾರೆ. ಕೆಲಸ ಚೊಕ್ಕವಾಗಿಯೇ ಇತ್ತು.

ಎರಡನೇ ಸಲ, ಮೊದಲಿನಿಂದ

ಈ ಸಲ ಜಾಕ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಂಡೆ. ‘ಮೇಡಂ, ಈ ವರ್ಷ ಗಾಡಿಗೆ ಏನೇನು ಮಾಡಿಸಿದ್ದೀರಿ, ದಿನಾಂಕದ ಸಮೇತ ಹೇಳಿ’ ಅಂದೆ. ಅವರು ಬಿಲ್‌ಗಳನ್ನೆಲ್ಲ ಗ್ಲೋವ್ ಬಾಕ್ಸ್‌ನಲ್ಲಿ ಕ್ಲಿಪ್ ಹಾಕಿ ಇಟ್ಟಿದ್ದರು. ಎಲ್ಲರೂ ಹೀಗೆ ಇಟ್ಟುಕೊಂಡರೆ ನಮ್ಮ ಅರ್ಧ ಕೆಲಸ ಹಗುರ.

ಹಾಳೆಯಲ್ಲಿ ಬಂದದ್ದು ಇದು. ಜೂನ್ 12: ಮುಂದಿನ ಬ್ರೇಕ್ ಪ್ಯಾಡ್ ಹೊಸದು, ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಸರ್ವಿಸ್. ಜುಲೈ ಮೊದಲ ವಾರ: ಸದ್ದು ಶುರು. ಆಗಸ್ಟ್: ಲಿಂಕ್ ರಾಡ್. ಸೆಪ್ಟೆಂಬರ್: ಶಾಕ್ ಅಬ್ಸಾರ್ಬರ್.

ಪ್ಯಾಡ್ ಹಾಕಿಸಿದ್ದಕ್ಕೂ ಸದ್ದಿಗೂ ನಡುವೆ ಮೂರು ವಾರದ ಅಂತರ. ಜುಲೈ ಅಂದರೆ ನಮ್ಮ ಕಡೆ ಮಳೆ ಹಿಡಿಯುವ ಹೊತ್ತು, ರಸ್ತೆ ಗುಂಡಿ ಬೀಳುವ ಹೊತ್ತು. ಗುಂಡಿಗೆ ಬಿದ್ದು ಸಸ್ಪೆನ್ಷನ್ ಹಾಳಾಯಿತು ಎಂದು ಟೀಚರ್ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ. ಜೂನ್ 12ರ ಸಾಲಿನ ಕೆಳಗೆ ಒಂದು ಗೆರೆ ಎಳೆದೆ. ಆದರೆ ಅದೇ ಕಾರಣ ಎಂದು ತೀರ್ಮಾನ ಮಾಡಲಿಲ್ಲ. ಆಗಸ್ಟ್‌ನಲ್ಲಿ ಲೆಕ್ಕ ಕೂತಿತು ಎಂದು ತೀರ್ಮಾನ ಮಾಡಿಯೇ ಎಡವಿದ್ದು.

ಆಮೇಲೆ ಗಾಡಿಯನ್ನು ಅವರೇ ಓಡಿಸಲಿ ಎಂದು ನಾನು ಪಕ್ಕದಲ್ಲಿ ಕೂತೆ. ಮೆಕ್ಯಾನಿಕ್ ಓಡಿಸುವ ರೀತಿಯೇ ಬೇರೆ, ದಿನಾ ಓಡಿಸುವವರ ರೀತಿಯೇ ಬೇರೆ. ಗ್ಯಾರೇಜಿನ ಹಿಂದಿನ ಬಡಾವಣೆಯಲ್ಲಿ ಪೈಪ್ ಹಾಕಲು ಅಗೆದು ಮುಚ್ಚಿದ ರಸ್ತೆ ಇದೆ. ಅಲ್ಲಿ ಮೊದಲ ನೂರು ಮೀಟರ್‌ನಲ್ಲೇ ಸದ್ದು ಬಂತು. ಎಡಗಡೆ, ಕಾಲ ಬುಡದಲ್ಲಿ, ಸ್ಪಷ್ಟವಾಗಿ.

ಒಂದು ಮಾತು ಇಲ್ಲಿ ಹೇಳಬೇಕು. ಈ ಗಾಡಿಯಲ್ಲಿ, ನಮ್ಮ ಬಹುಪಾಲು ಸಣ್ಣ ಕಾರುಗಳಂತೆ, ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ವ್ಯವಸ್ಥೆ ಅದು. 1983ರಲ್ಲಿ ಬಂದ ಮಾರುತಿ 800ರ ಮುಂಭಾಗದಲ್ಲೂ ಅದೇ ಇತ್ತು. ಇದರಲ್ಲಿ ಚಕ್ರ, ಬ್ರೇಕ್ ಎಲ್ಲವೂ ನಕಲ್ ಎಂಬ ಒಂದು ಎರಕದ ತುಂಡಿಗೆ ಸೇರಿರುತ್ತವೆ. ಆ ನಕಲ್ ಶಾಕ್ ಅಬ್ಸಾರ್ಬರ್‌ನ ಕಂಬಕ್ಕೆ ಬೋಲ್ಟ್ ಆಗಿರುತ್ತದೆ. ಕಂಬದ ತಲೆ ನೇರವಾಗಿ ಬಾನೆಟ್ ಕೆಳಗೆ ಬಾಡಿಗೆ ಕೂತಿರುತ್ತದೆ. ಹಾಗಾಗಿ ಚಕ್ರದ ಹತ್ತಿರ ಎಲ್ಲಿ ಏನು ತಟ್ಟಿದರೂ ಸದ್ದು ಆ ಕಂಬ ಹತ್ತಿ ಡ್ಯಾಶ್‌ಬೋರ್ಡ್ ಬಳಿಗೆ ಬರುತ್ತದೆ. ‘ಶಾಕ್‌ನಿಂದ ಬರ್ತಿದೆ’ ಅನ್ನಿಸುವುದು ಸಹಜ. ಆ ಇನ್ನೊಂದು ಗ್ಯಾರೇಜಿನವರನ್ನು ನಾನು ದೂರುವುದಿಲ್ಲ.

ವಾಪಸ್ ಬಂದು ಕ್ರಮವಾಗಿ ನೋಡಿದೆವು. ಮೊದಲು ಚಕ್ರ ನೆಲದ ಮೇಲೇ ಇರುವಾಗ. ಗ್ಯಾರೇಜಿನ ಹುಡುಗ ಸ್ಟೇರಿಂಗ್ ಅನ್ನು ಎಡಕ್ಕೂ ಬಲಕ್ಕೂ ಚೂರು ಚೂರೇ ಅಲ್ಲಾಡಿಸಿದ. ನಾನು ಸ್ಟೇರಿಂಗ್‌ನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್, ರ‍್ಯಾಕ್‌ನ ತುದಿ, ಚಕ್ರವನ್ನು ಕೆಳಗಿನಿಂದ ಫ್ರೇಮಿಗೆ ಹಿಡಿದಿರುವ ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ ಮೇಲೆ ಒಂದೊಂದಾಗಿ ಕೈಯಿಟ್ಟೆ. ಪ್ಲೇ ಇದ್ದರೆ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಏನೂ ಇರಲಿಲ್ಲ.

ಆಮೇಲೆ ಎರಡೂ ಮುಂಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟೆವು. ಎರಡೂ ಒಟ್ಟಿಗೆ ಎತ್ತುವುದು ಮುಖ್ಯ. ಒಂದೇ ಚಕ್ರ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಲಿಂಕ್ ರಾಡ್ ಬಿಗಿಯಾಗುತ್ತದೆ, ಇದ್ದ ಪ್ಲೇ ಮುಚ್ಚಿಹೋಗುತ್ತದೆ. ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿದರೆ ಟೈ ರಾಡ್ ಮತ್ತು ರ‍್ಯಾಕ್ ಗೊತ್ತಾಗುತ್ತವೆ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಅಲ್ಲಾಡುವಾಗ ಇನ್ನೊಬ್ಬರು ಬ್ರೇಕ್ ಒತ್ತಬೇಕು. ಅಲ್ಲಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಜಾಯಿಂಟ್. ಬಾಲ್ ಜಾಯಿಂಟ್ ವಿಷಯದಲ್ಲಿ ಮಾತ್ರ ‘ನೋಡೋಣ, ಇನ್ನೊಂದು ತಿಂಗಳು ಓಡಲಿ’ ಎಂದು ಯಾರೂ ಹೇಳಬಾರದು. ಅದು ಕಳಚಿದರೆ ಚಕ್ರ ಓಡುತ್ತಿರುವಾಗಲೇ ಮಡಚಿಕೊಳ್ಳುತ್ತದೆ. ಈ ಗಾಡಿಯಲ್ಲಿ ಎರಡೂ ಗಟ್ಟಿಯಾಗಿದ್ದವು.

ಲೋವರ್ ಆರ್ಮ್‌ನ ಹಿಂದಿನ ಬುಷ್‌ನಲ್ಲಿ, ಎಡಗಡೆ, ಒಂದು ಸಣ್ಣ ಸೀಳು ಕಾಣಿಸಿತು. ಸನ್ನೆಕೋಲು ಹಾಕಿ ಒತ್ತಿ ನೋಡಿದೆ. ರಬ್ಬರ್ ಮೇಲ್ಮೈಯಲ್ಲಿ ಬಿರಿದಿದೆ, ಆದರೆ ಒಳಗಿನ ಕಬ್ಬಿಣದ ಕೊಳವೆ ಹೊರಗಿನ ಕಬ್ಬಿಣಕ್ಕೆ ತಾಗುವಷ್ಟು ಓಡಾಡುತ್ತಿಲ್ಲ. ‘ಅಣ್ಣಾ, ಇದೇ ಇರ್ಬೇಕು, ಆರ್ಮ್ ಹಾಕೋಣ’ ಅಂದ ಹುಡುಗ. ನನ್ನ ಮನಸ್ಸೂ ಒಂದು ಕ್ಷಣ ಅತ್ತ ಹೋಯಿತು. ಆದರೆ ಆಗಸ್ಟ್‌ನ ಲಿಂಕ್ ರಾಡ್ ನೆನಪಿತ್ತು. ‘ಬೇಡ. ಬರೆದಿಡು, ಮುಂದಕ್ಕೆ ಹೋಗೋಣ’ ಅಂದೆ.

ಸ್ಟೆಬಿಲೈಸರ್ ಬಾರ್‌ನ ಅನುಮಾನ ಪೂರ್ತಿ ತೀರಿಸಿಕೊಳ್ಳಲು ಎರಡೂ ಕಡೆಯ ಲಿಂಕ್ ರಾಡ್ ಬಿಚ್ಚಿ, ತುದಿಗಳನ್ನು ಎಲ್ಲಿಗೂ ತಾಗದಂತೆ ಕಟ್ಟಿದೆವು. ಈಗ ಆ ಸರಳಿಗೆ ಯಾವ ಕೆಲಸವೂ ಇಲ್ಲ, ಅದರ ಬುಷ್‌ಗೂ ಇಲ್ಲ. ಅದೇ ಅಗೆದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿದೆ. ಹೀಗೆ ಬಿಚ್ಚಿದಾಗ ಗಾಡಿ ತಿರುವಿನಲ್ಲಿ ಜಾಸ್ತಿ ವಾಲುತ್ತದೆ, ಆದ್ದರಿಂದ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಮಾತ್ರ. ಸದ್ದು ಒಂದಿಷ್ಟೂ ಕಡಿಮೆಯಾಗಲಿಲ್ಲ. ಎರಡು ತಿಂಗಳ ಹಿಂದೆ ಈ ಅರ್ಧ ಗಂಟೆಯ ಕೆಲಸ ಮಾಡಿದ್ದರೆ ಅವರ 11,400 ರೂಪಾಯಿ ಉಳಿಯುತ್ತಿತ್ತು.

ಹಂಪ್ ಹೇಳಿದ್ದು ಬೇರೆ

ಲಿಂಕ್ ರಾಡ್ ಮತ್ತೆ ಜೋಡಿಸಿ ಟೀಚರ್ ಜೊತೆ ಇನ್ನೊಂದು ಸುತ್ತು ಹೋದೆ. ಈ ಸಲ ನಾನು ರಸ್ತೆ ನೋಡಲಿಲ್ಲ. ಅವರ ಪಾದ ನೋಡಿದೆ.

ಹಂಪ್ ಬಂತು. ಅವರು ಇಪ್ಪತ್ತು ಅಡಿ ಮೊದಲೇ ಬ್ರೇಕ್ ಮೇಲೆ ಕಾಲಿಟ್ಟರು. ಮುಂಚಕ್ರ ಹಂಪ್ ಏರುವಾಗಲೂ ಕಾಲು ಅಲ್ಲೇ. ಇಳಿಯುವಾಗಲೂ ಅಲ್ಲೇ. ಪೂರ್ತಿ ಇಳಿದ ಮೇಲೆ ಕಾಲು ತೆಗೆದು ಆಕ್ಸಿಲರೇಟರ್ ಮುಟ್ಟಿದರು. ಮುಂದಿನ ಸಣ್ಣ ಗುಂಡಿಗೆ ‘ಟಕ್’. ಅಲ್ಲಿ ಬ್ರೇಕ್ ಒತ್ತಿರಲಿಲ್ಲ. ಸಣ್ಣ ಗುಂಡಿಗೆ ಯಾರೂ ಬ್ರೇಕ್ ಒತ್ತುವುದಿಲ್ಲ, ಅಲ್ವಾ?

ನನಗೆ ಆಗ ಮೈ ಜುಮ್ ಅಂದಿತು. ಹಂಪ್ ಮೇಲೆ ಸದ್ದು ಬರದೇ ಇರುವುದಕ್ಕೆ ಎರಡೂ ಚಕ್ರ ಒಟ್ಟಿಗೆ ಏಳುವುದು ಕಾರಣ ಅಲ್ಲದೇ ಇರಬಹುದು. ಹಂಪ್ ಮೇಲೆ ಎಲ್ಲರ ಕಾಲೂ ಬ್ರೇಕ್ ಮೇಲಿರುತ್ತದೆ, ಅದು ಕಾರಣ ಇರಬಹುದು! ಜೊತೆಗೆ ಹಂಪ್‌ನ ಆಕಾರ ಬೇರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಲೆಕ್ಕದ ಹಂಪ್ 3.7 ಮೀಟರ್ ಅಗಲ, ಎತ್ತರ ಬರೀ 10 ಸೆಂಟಿಮೀಟರ್, 25 ಕಿಲೋಮೀಟರ್ ವೇಗಕ್ಕೆ ಮಾಡಿದ್ದು. ಹಾಗೆ ಕಟ್ಟಿದ ಹಂಪ್ ಚಕ್ರವನ್ನು ಮೆಲ್ಲಗೆ ಎತ್ತಿ ಮೆಲ್ಲಗೆ ಇಳಿಸುತ್ತದೆ. ಕಿತ್ತ ಡಾಂಬರಿನ ಅಂಚು ಹಾಗಲ್ಲ, ಅದು ಚಕ್ರಕ್ಕೆ ಸುತ್ತಿಗೆ ಪೆಟ್ಟಿನ ಹಾಗೆ. ಚಕ್ರದ ಹತ್ತಿರ ಏನಾದರೂ ಸಡಿಲ ಇದ್ದರೆ ಈ ಪೆಟ್ಟಿಗೆ ಅದು ಹಾರುತ್ತದೆ.

ಹಾಗಿದ್ದರೂ ‘ಬ್ರೇಕ್ ಒತ್ತಿದರೆ ಸದ್ದು ನಿಲ್ಲುತ್ತದೆ, ಆದ್ದರಿಂದ ಬ್ರೇಕ್‌ನದ್ದೇ ಸದ್ದು’ ಎಂದು ಹೇಳಿಬಿಡಲು ಆಗುವುದಿಲ್ಲ. ಬ್ರೇಕ್ ಒತ್ತಿದಾಗ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಕ್ಯಾಲಿಪರ್ ಡಿಸ್ಕನ್ನು ಕಚ್ಚುತ್ತದೆ. ಗಾಡಿಯ ಮೂತಿ ತಗ್ಗಿ ಮುಂದಿನ ಸ್ಪ್ರಿಂಗ್ ಅದುಮುತ್ತದೆ. ಚಕ್ರ ಹಿಂದಕ್ಕೆ ಒತ್ತಿಕೊಂಡು ಲೋವರ್ ಆರ್ಮ್‌ನ ಬುಷ್ ಒಂದು ಕಡೆಗೆ ಬಿಗಿಯಾಗುತ್ತದೆ. ಸಡಿಲ ಬುಷ್ ಇದ್ದರೂ ಬ್ರೇಕ್ ಒತ್ತಿದಾಗ ಅದು ಬಾಯಿ ಮುಚ್ಚಿಕೊಳ್ಳಬಹುದು. ಆ ಸೀಳಿದ ಬುಷ್ ಇನ್ನೂ ಪಟ್ಟಿಯಲ್ಲಿತ್ತು. ಮೂರನ್ನೂ ಬೇರೆ ಬೇರೆ ಮಾಡಬೇಕಿತ್ತು.

ಅದಕ್ಕೆ ಒಂದೇ ರಸ್ತೆಯ ಒಂದೇ ನೂರು ಮೀಟರ್ ಆರಿಸಿಕೊಂಡೆ. ಹಿಂದೆ ಮುಂದೆ ಯಾರೂ ಇಲ್ಲದ ಹೊತ್ತು. ವೇಗ 15 ಕಿಲೋಮೀಟರ್. ಪ್ರತಿಯೊಂದನ್ನೂ ನಾಲ್ಕು ಸಲ ಓಡಿಸಿದೆ.

ಮೊದಲು ಬ್ರೇಕ್ ಪೆಡಲ್ ಮೇಲೆ ಎಡಗಾಲು ತೀರಾ ಹಗುರವಾಗಿ ಇಟ್ಟು, ಬಲಗಾಲಿನಲ್ಲಿ ವೇಗ ಹಾಗೇ ಉಳಿಸಿಕೊಂಡು ಓಡಿಸಿದೆ. ಪ್ಯಾಡ್ ಡಿಸ್ಕಿಗೆ ಸವರಿದರೆ ಸಾಕು ಅನ್ನುವಷ್ಟು. ಮೂತಿ ತಗ್ಗುವಷ್ಟಲ್ಲ. ನಾಲ್ಕೂ ಸಲ ಸದ್ದು ಪೂರ್ತಿ ನಿಂತಿತು.

ಎರಡನೇದು, ಹ್ಯಾಂಡ್‌ಬ್ರೇಕ್. ಅದರ ಬಟನ್ ಹೆಬ್ಬೆರಳಲ್ಲಿ ಒತ್ತಿಕೊಂಡೇ ಎರಡು ಹಲ್ಲು ಮಾತ್ರ ಎಳೆದೆ. ಗಾಡಿ ನಿಧಾನವಾಗುತ್ತದೆ, ಭಾರ ಸ್ವಲ್ಪ ಮುಂದಕ್ಕೆ ಬರುತ್ತದೆ, ಆದರೆ ಮುಂದಿನ ಕ್ಯಾಲಿಪರ್ ಏನನ್ನೂ ಕಚ್ಚುವುದಿಲ್ಲ. ನಾಲ್ಕೂ ಸಲ ಸದ್ದು ಇತ್ತು.

ಮೂರನೇದು ನನಗೆ ಹೆಚ್ಚು ಬೇಕಾಗಿದ್ದದ್ದು. ಮೊದಲ ಗೇರ್‌ನಲ್ಲಿ ವೇಗ ಏರಿಸಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಎಂಜಿನ್ ಗಾಡಿಯನ್ನು ಹಿಡಿದೆಳೆಯುತ್ತದೆ, ಮುಂಚಕ್ರ ಹಿಂದಕ್ಕೆ ಒತ್ತಿಕೊಳ್ಳುತ್ತದೆ, ಲೋವರ್ ಆರ್ಮ್‌ನ ಬುಷ್ ಬಿಗಿಯಾಗುತ್ತದೆ. ಆದರೆ ಬ್ರೇಕ್ ಮುಟ್ಟಿಲ್ಲ. ಆಮೇಲೆ ಆಕ್ಸಿಲರೇಟರ್ ಒತ್ತಿ ಬುಷ್ ಅನ್ನು ಇನ್ನೊಂದು ದಿಕ್ಕಿಗೆ ಎಳೆಸಿದೆ. ಎರಡು ದಿಕ್ಕಿನಲ್ಲೂ ಸದ್ದು ಹಾಗೇ ಇತ್ತು.

ಸೀಳಿದ ಬುಷ್ ಅನುಮಾನದಿಂದ ಹೊರಬಂತು. ಉಳಿದದ್ದು ಕ್ಯಾಲಿಪರ್. ಇಷ್ಟು ಹೊತ್ತಿಗೂ ಚಕ್ರ ಬಿಚ್ಚಿರಲಿಲ್ಲ, ಒಂದು ರೂಪಾಯಿಯ ಪಾರ್ಟೂ ತಂದಿರಲಿಲ್ಲ.

ಚಕ್ರ ಬಿಚ್ಚಿದಾಗ

ಎಡ ಚಕ್ರ ಬಿಚ್ಚಿ ಕ್ಯಾಲಿಪರ್ ಹಿಡಿದು ಮೇಲೆ ಕೆಳಗೆ ಜೋರಾಗಿ ಅಲ್ಲಾಡಿಸಿದೆ. ‘ಟಕ್.’ ಟೀಚರ್ ಮೂರು ಹೆಜ್ಜೆ ದೂರದಲ್ಲಿ ಸ್ಟೂಲ್ ಮೇಲೆ ಕೂತಿದ್ದರು. ಎದ್ದು ನಿಂತು, ‘ಅಣ್ಣ, ಇದೇ! ಇದೇ ಸದ್ದು!’ ಅಂದರು. ಮೂರು ತಿಂಗಳಿಂದ ದಿನಾ ಕೇಳಿದ ಕಿವಿ ಅದು. ಬಲಗಡೆ ಬಿಚ್ಚಿ ಅದೇ ಬಲದಲ್ಲಿ ಅಲ್ಲಾಡಿಸಿದೆ. ಕ್ಯಾಲಿಪರ್ ಚೂರು ಓಡಾಡಿತು, ಸದ್ದು ಬರಲಿಲ್ಲ.

ಈ ತರದ ಕ್ಯಾಲಿಪರ್ ಚೂರು ಓಡಾಡಲೇಬೇಕು. ಅದರಲ್ಲಿ ಪಿಸ್ಟನ್ ಇರುವುದು ಒಳಗಡೆ ಒಂದೇ. ಬ್ರೇಕ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎದುರು ದಿಕ್ಕಿಗೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ಒತ್ತುತ್ತದೆ. ಹೀಗೆ ಜಾರಲು ಎರಡು ಪಿನ್ ಇವೆ, ನಕಲ್‌ಗೆ ಬಿಗಿದ ಬ್ರಾಕೆಟ್‌ನ ತೂತಿನೊಳಗೆ ಗ್ರೀಸ್‌ನಲ್ಲಿ ಕೂತಿರುತ್ತವೆ. ಪಿನ್ ಒಳಗೆ ಹೊರಗೆ ಸಲೀಸಾಗಿ ಜಾರಬೇಕು. ಆದರೆ ಮೇಲೆ ಕೆಳಗೆ ಕುಣಿಯಬಾರದು.

ಕುಣಿಯದಂತೆ ನೋಡಿಕೊಳ್ಳಲು ಈ ಗಾಡಿಯಲ್ಲಿ ಕೆಳಗಿನ ಪಿನ್‌ನ ತುದಿಗೆ ಒಂದು ಸಣ್ಣ ರಬ್ಬರ್ ತೋಳು (ಸ್ಲೀವ್) ಇರುತ್ತದೆ. ಬೆರಳ ಉಗುರಿನಷ್ಟು ಉದ್ದದ್ದು. ಮೇಲಿನ ಪಿನ್‌ಗೆ ಅದು ಇಲ್ಲ. ಗೊತ್ತಿಲ್ಲದವರು ಎರಡನ್ನೂ ಅದಲು ಬದಲು ಹಾಕುವುದೂ ಉಂಟು, ಆದ್ದರಿಂದ ಬಿಚ್ಚುವಾಗಲೇ ಗುರುತು ಮಾಡಿಟ್ಟುಕೊಳ್ಳಬೇಕು.

ಎಡ ಕ್ಯಾಲಿಪರ್‌ನ ಕೆಳಗಿನ ಪಿನ್ ಎಳೆದೆ. ತುದಿಯಲ್ಲಿ ರಬ್ಬರ್ ಕೂರುವ ತೋಡು ಇದೆ, ರಬ್ಬರ್ ಇಲ್ಲ. ಅದರ ಜಾಗದಲ್ಲಿ ಕಪ್ಪು ಗ್ರೀಸ್ ಒಣಗಿ ಮೆತ್ತಿಕೊಂಡಿತ್ತು. ಪಿನ್ ತುದಿ ತೂತಿನ ಗೋಡೆಗೆ ಬಡಿದು ಬಡಿದು ಹೊಳಪು ಬಂದಿತ್ತು. ಪ್ಯಾಡ್ ಕೂರುವ ಜಾಗದಲ್ಲಿ ಇರಬೇಕಾದ ತೆಳು ಉಕ್ಕಿನ ಕ್ಲಿಪ್‌ಗಳಲ್ಲಿ ಮೇಲಿನದೊಂದು ಇರಲೇ ಇಲ್ಲ.

ರಬ್ಬರ್ ತೋಳು ತಾನಾಗಿ ಬಿದ್ದುಹೋಗುವ ವಸ್ತುವಲ್ಲ. ಇದರ ಹಿಂದೆ ಒಂದು ಮಾಮೂಲಿ ಕಥೆ ಇರುತ್ತದೆ. ಬ್ರೇಕ್‌ನ ರಬ್ಬರ್‌ಗಳು ಇಪಿಡಿಎಂ ಎಂಬ ಜಾತಿಯವು. ಬ್ರೇಕ್ ಆಯಿಲ್ ತಗುಲಿದರೆ ಅವಕ್ಕೆ ಏನೂ ಆಗುವುದಿಲ್ಲ. ಆದರೆ ಪೆಟ್ರೋಲಿಯಂ ಎಣ್ಣೆಯಿಂದ ಮಾಡಿದ ಮಾಮೂಲಿ ಗ್ರೀಸ್ ತಾಗಿದರೆ ಊದಿಕೊಳ್ಳುತ್ತವೆ. ಯಾವಾಗಲೋ ಯಾರೋ ವೀಲ್ ಬೇರಿಂಗ್‌ಗೆ ಹಾಕುವ ಗ್ರೀಸನ್ನೇ ಪಿನ್‌ಗೂ ಹಾಕುತ್ತಾರೆ. ರಬ್ಬರ್ ಊದಿ ಪಿನ್ ಬಿಗಿಯುತ್ತದೆ. ಮುಂದಿನ ಸಲ ಪ್ಯಾಡ್ ಬದಲಾಯಿಸುವವರು, ಪಿನ್ ಜಾರುತ್ತಿಲ್ಲ ಎಂದು ಆ ರಬ್ಬರನ್ನೇ ಕತ್ತರಿಸಿ ತೆಗೆಯುತ್ತಾರೆ. ಪಿನ್ ಸಲೀಸಾಗಿ ಜಾರುತ್ತದೆ, ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಗಟ್ಟಿ ಗ್ರೀಸ್ ತುಂಬಿರುವಷ್ಟು ದಿನ ಸದ್ದೂ ಇರುವುದಿಲ್ಲ. ಬಿಸಿಗೆ ಗ್ರೀಸ್ ಒಣಗಿ ಬದಿಗೆ ಸರಿದ ಮೇಲೆ ಪಿನ್ ಬಡಿಯಲು ಶುರು. ಜೂನ್ 12ಕ್ಕೂ ಜುಲೈ ಮೊದಲ ವಾರಕ್ಕೂ ನಡುವಿನ ಮೂರು ವಾರ ಇದಕ್ಕೆ ಹೊಂದುತ್ತದೆ. ಬಲಗಡೆ ಪಿನ್‌ನಲ್ಲಿ ರಬ್ಬರ್ ಸರಿಯಾಗಿಯೇ ಇತ್ತು, ಒಂದು ಚೂರು ಊದಿತ್ತು ಅಷ್ಟೇ.

ಪಿನ್ ಅದಲು ಬದಲು

ಇಷ್ಟು ಸಿಕ್ಕ ಮೇಲೆ ಪಾರ್ಟ್ ತರಿಸಿ ಹಾಕಿ ಕಳಿಸಬಹುದಿತ್ತು. ಆದರೆ ಆಗಸ್ಟ್‌ನಲ್ಲೂ ಕೈಯಲ್ಲಿ ಒಂದು ಕೆಟ್ಟ ಪಾರ್ಟ್ ಹಿಡಿದುಕೊಂಡೇ ನಾನು ತಪ್ಪಿದ್ದು. ಈ ಸಲ ಖಾತ್ರಿ ಬೇಕಿತ್ತು.

ಎಡ ಮತ್ತು ಬಲದ ಕೆಳಗಿನ ಪಿನ್‌ಗಳು ಅಳತೆಯಲ್ಲಿ ಒಂದೇ. ಎರಡನ್ನೂ ಒರೆಸಿ, ಬಲಗಡೆಯ ರಬ್ಬರ್ ಇರುವ ಪಿನ್ ಎಡಕ್ಕೆ, ಎಡದ ಬೋಳು ಪಿನ್ ಬಲಕ್ಕೆ ಹಾಕಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಟೀಚರ್ ಅನ್ನು ಮತ್ತೆ ಸ್ಟೇರಿಂಗ್ ಮುಂದೆ ಕೂರಿಸಿದೆ. ಏನು ಮಾಡಿದೆ ಎಂದು ಹೇಳಲಿಲ್ಲ, ಹೇಳಿದರೆ ಕಿವಿ ಅದನ್ನೇ ಹುಡುಕುತ್ತದೆ.

ನೂರು ಮೀಟರ್ ಹೋಗುವಷ್ಟರಲ್ಲಿ ಅವರು ನನ್ನ ಕಡೆ ತಿರುಗಿದರು. ‘ಅಣ್ಣ, ಈಗ ಸದ್ದು ನನ್ನ ಕಡೆಗೆ ಬಂತಲ್ಲ?’

ಎಡಗಡೆ, ಕ್ಲಿಪ್ ಇಲ್ಲದ ಪ್ಯಾಡ್‌ನಿಂದ ಒಂದು ಸಣ್ಣ ಕಿಣಿಕಿಣಿ ಮಾತ್ರ ಉಳಿದಿತ್ತು. ಆ ಜೋರು ‘ಟಕ್’ ಪಿನ್ ಜೊತೆಗೇ ಬಲಕ್ಕೆ ಹೋಗಿತ್ತು. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಇಷ್ಟು ಸಮಾಧಾನ ಕೊಟ್ಟ ಕ್ಷಣಗಳು ಕಡಿಮೆ.

ರಿಪೇರಿ

ಗಾಡಿ ಆ ರಾತ್ರಿ ನಮ್ಮಲ್ಲೇ ಇತ್ತು. ಮರುದಿನ ಪಾರ್ಟ್ ಬಂತು: ಎರಡೂ ಕಡೆಗೆ ಕೆಳಗಿನ ಪಿನ್‌ನ ರಬ್ಬರ್ ತೋಳು, ನಾಲ್ಕು ಬೂಟ್, ಎರಡೂ ಕಡೆಯ ಪ್ಯಾಡ್ ಕ್ಲಿಪ್‌ನ ಸೆಟ್, ಕ್ಯಾಲಿಪರ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್‌ನ ಪೊಟ್ಟಣ. ಎಲ್ಲ ಸೇರಿ 780 ರೂಪಾಯಿ.

ಬ್ರಾಕೆಟ್‌ನ ತೂತುಗಳನ್ನು ಬ್ರೇಕ್ ಕ್ಲೀನರ್ ಹಾಕಿ, ಬಟ್ಟೆ ಸುತ್ತಿದ ಕಡ್ಡಿಯಿಂದ ಹಳೇ ಗ್ರೀಸ್ ಒಂದು ಚೂರೂ ಉಳಿಯದಂತೆ ತೆಗೆದೆವು. ಇದು ಬೇಸರದ ಕೆಲಸ, ಆದರೆ ಹಳೇದು ಉಳಿದರೆ ಹೊಸ ರಬ್ಬರ್ ಕೂಡ ಊದುತ್ತದೆ. ಪಿನ್ ತುದಿ ಹೊಳಪಾಗಿತ್ತೇ ಹೊರತು ಗೀರು ಬಿದ್ದಿರಲಿಲ್ಲ, ತೂತು ಅಂಡಾಕಾರ ಆಗಿರಲಿಲ್ಲ. ಆಗಿದ್ದರೆ ಬ್ರಾಕೆಟ್ಟೇ ಬದಲಾಯಿಸಬೇಕಿತ್ತು. ಗ್ರೀಸ್ ತೆಳುವಾಗಿ ಸವರಬೇಕು. ಜಾಸ್ತಿ ತುಂಬಿದರೆ ಗಾಳಿ ಸಿಕ್ಕಿಕೊಂಡು ಪಿನ್ ಹೊರಗೆ ತಳ್ಳುತ್ತದೆ. ಪಿನ್ ಬೋಲ್ಟನ್ನು ಟಾರ್ಕ್ ರೆಂಚ್‌ನಲ್ಲಿ ಕಂಪನಿ ಹೇಳಿದಷ್ಟೇ ಬಿಗಿಸಿದೆವು. ಅದು ಸಣ್ಣ ಬೋಲ್ಟ್, ಕೈಬಲ ತೋರಿಸುವ ಜಾಗವಲ್ಲ.

ಎಲ್ಲ ಕೂರಿಸಿದ ಮೇಲೆ, ಗಾಡಿ ಒಂದಡಿ ಚಲಿಸುವ ಮೊದಲು, ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೂ ಹತ್ತಾರು ಸಲ ಒತ್ತಬೇಕು. ಪಿಸ್ಟನ್ ಹಿಂದೆ ತಳ್ಳಿದ್ದರೆ ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ. ಮನೆಯಲ್ಲಿ ತಾವೇ ಪ್ಯಾಡ್ ಬದಲಾಯಿಸುವವರು ಇದೊಂದನ್ನು ಮರೆತು ಗೇಟಿಗೆ ಗುದ್ದಿದ್ದನ್ನು ನಾನು ನೋಡಿದ್ದೇನೆ.

ಅಗೆದ ರಸ್ತೆಯಲ್ಲಿ ಓಡಿಸಿದೆವು. ಬ್ರೇಕ್ ಮುಟ್ಟದೆ, 10, 15, 20, 25ರ ವೇಗದಲ್ಲಿ. ಕೇಳಿದ್ದು ಟೈರಿನ ಸದ್ದು ಮಾತ್ರ. ಆಮೇಲೆ ಟೀಚರ್ ತಮ್ಮ ಶಾಲೆಯ ರಸ್ತೆಯಲ್ಲೇ ಒಂದು ವಾರ ಓಡಿಸಿ ಫೋನ್ ಮಾಡಲಿ, ಅಲ್ಲಿವರೆಗೆ ಪ್ರಕರಣ ಮುಗಿದಿಲ್ಲ ಎಂದು ಹೇಳಿ ಕಳಿಸಿದೆ. ಎಂಟನೇ ದಿನ ಫೋನ್ ಬಂತು. ‘ಅಣ್ಣ, ರೇಡಿಯೋ ಸರಿಯಾಗಿ ಕೇಳಿಸ್ತಿದೆ ಈಗ.’

ಆ 780 ರೂಪಾಯಿ ಅವರು ಕೊಟ್ಟರು. ಕೂಲಿ ನಾನು ತೆಗೆದುಕೊಳ್ಳಲಿಲ್ಲ, ಆಗಸ್ಟ್‌ನ ಕೂಲಿಯನ್ನೂ ವಾಪಸ್ ಕೊಟ್ಟೆ. ಲಿಂಕ್ ರಾಡ್‌ನ ದುಡ್ಡು ಬೇಡ, ಅದು ಹೇಗೂ ಹೋಗಿತ್ತಲ್ಲ ಎಂದು ಅವರೇ ಹೇಳಿದರು.

ಜನವರಿಯಲ್ಲಿ ಆಯಿಲ್ ಬದಲಾಯಿಸಲು ಬಂದಾಗ 4,000 ಕಿಲೋಮೀಟರ್ ಓಡಿತ್ತು. ಮುಂದಿನ ಎರಡೂ ಚಕ್ರ ಬಿಚ್ಚಿ ಪಿನ್ ನೋಡಿದೆ. ಬೂಟ್ ಹರಿದಿಲ್ಲ, ರಬ್ಬರ್ ಊದಿಲ್ಲ, ಪಿನ್ ಎರಡು ಬೆರಳಲ್ಲಿ ಜಾರುತ್ತದೆ. ಲೋವರ್ ಆರ್ಮ್ ಬುಷ್‌ನ ಆ ಸೀಳಿನ ಉದ್ದವನ್ನು ಅಳೆದು ಅವರ ಬಿಲ್ ಹಿಂದೆ ಬರೆದುಕೊಟ್ಟಿದ್ದೇನೆ. ಅಕ್ಟೋಬರ್‌ನಲ್ಲಿ 6 ಮಿಲಿಮೀಟರ್ ಇತ್ತು, ಜನವರಿಯಲ್ಲಿ 7. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಮತ್ತೊಮ್ಮೆ ಅಳೆಯಬೇಕು.